ಮೂರನೇ ಸಲ ದಕ್ಕಿದ ಸ್ಪೇನ್: ನಾಲ್ಕು ಜನ, ಐದು ರೌಂಡ್, ಏಜೆಂಟ್ ಇಲ್ಲ

ಜೂನ್‌ನಲ್ಲಿ ಗಾಲ್ಫ್ ಆಡೋಕೆ ಸ್ಪೇನ್‌ಗೆ ಹೋಗ್ತೀವಿ ಅಂದಾಗ ಕ್ಲಬ್‌ನಲ್ಲಿ ನಕ್ಕವರೇ ಜಾಸ್ತಿ. ಆ ಬಿಸಿಲಲ್ಲಿ ಹಪ್ಪಳ ಆಗ್ತೀರ ಅಂದರು. ಏಜೆಂಟ್ ಇಲ್ಲದೆ ಟೀ ಟೈಮ್ (ಕೋರ್ಸಿನಲ್ಲಿ ಆಟ ಶುರು ಮಾಡೋ ಸರದಿ) ಸಿಗಲ್ಲ ಅಂದರು. ಇಸ್ಪೀಟು ಟೇಬಲ್‌ನ ಹಿರಿಯರೊಬ್ಬರು, "ಎರಡು ಸಲ ಕೈ ಸುಟ್ಕೊಂಡಿದ್ದು ಸಾಕಾಗಲಿಲ್ವೇನಯ್ಯಾ?" ಅಂತ ಎಲ್ಲರೆದುರೇ ಕೇಳಿದರು.

ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. 2017ರಲ್ಲೊಮ್ಮೆ, 2019ರಲ್ಲೊಮ್ಮೆ ಸ್ಪೇನ್‌ನ ದಕ್ಷಿಣ ಕರಾವಳಿಯ ಕೋಸ್ಟಾ ಡೆಲ್ ಸೋಲ್‌ಗೆ ಹೋಗಿ ದುಡ್ಡು, ಮೊಣಕಾಲು, ಮರ್ಯಾದೆ ಮೂರನ್ನೂ ಕಳೆದುಕೊಂಡು ಬಂದಿದ್ದೆ. 2025ರ ಜೂನ್‌ನಲ್ಲಿ ಮಾತ್ರ ಅಂದುಕೊಂಡ ಹಾಗೇ ಆಯಿತು. ತಲೆಗೆ ಸುಮಾರು 2.15 ಲಕ್ಷ. 2017ರಲ್ಲಿ ಯೂರೋ ಎಪ್ಪತ್ತೈದು ರೂಪಾಯಿಯ ಆಸುಪಾಸಿನಲ್ಲಿದ್ದಾಗಲೇ 3 ಲಕ್ಷ ದಾಟಿತ್ತು. ಈ ಸಲ ಯೂರೋ ನೂರರ ಹತ್ತಿರ ಇತ್ತು. ಲೆಕ್ಕ ನೀವೇ ಹಾಕಿಕೊಳ್ಳಿ.

ಮೊದಲು 2017ರ ಕಥೆ. ಏಜೆಂಟ್ ಕೊಟ್ಟ ಪ್ಯಾಕೇಜ್, ಅಕ್ಟೋಬರ್ ತಿಂಗಳು, ಆರು ದಿನಕ್ಕೆ ಆರು ರೌಂಡ್ (ಒಂದು ರೌಂಡ್ ಅಂದರೆ ಹದಿನೆಂಟು ಹೋಲ್). ವಾಲ್ಡೆರಾಮಾ ಕೋರ್ಸ್ ಆಡಿಸ್ತೀನಿ ಅಂತ ಆಸೆ ತೋರಿಸಿದ್ದ. ಸ್ಪೇನ್‌ನ ಸೆವೆ ಬ್ಯಾಲೆಸ್ಟೆರೋಸ್ ಯುರೋಪ್ ತಂಡದ ಕ್ಯಾಪ್ಟನ್ ಆಗಿ ಅಮೆರಿಕದ ಎದುರು 1997ರ ರೈಡರ್ ಕಪ್ ಗೆದ್ದ ಜಾಗ ಅದು. ನಮ್ಮ ಜೀವ್ ಮಿಲ್ಖಾ ಸಿಂಗ್ 2006ರಲ್ಲಿ ವೋಲ್ವೋ ಮಾಸ್ಟರ್ಸ್ ಗೆದ್ದಿದ್ದೂ ಅಲ್ಲೇ. ಆಸೆ ಆಗದೆ ಇರುತ್ತಾ? ಹೊರಗಿನವರಿಗೆ ಅಲ್ಲಿ ದಿನಕ್ಕೆ ಸಿಗೋದು ಕೆಲವೇ ಟೀ ಟೈಮ್. ನಾವು ಇಳಿದ ಮೇಲೆ ಅದು ಇಲ್ಲ, ಆ ಕಡೆಯದ್ದೇ ಬೇರೊಂದು ಕೋರ್ಸ್ ಇದೆ ಅಂದ. ವ್ಯತ್ಯಾಸದ ಹಣ ಇವತ್ತಿಗೂ ಬಂದಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಹುಲ್ಲಿನದು. ಆ ಕರಾವಳಿಯಲ್ಲಿ ಬಹಳಷ್ಟು ಫೇರ್‌ವೇ (ಚೆಂಡು ಹೊಡೆದುಕೊಂಡು ಹೋಗೋ ಹುಲ್ಲುಹಾಸು) ಬರ್ಮುಡಾ ಹುಲ್ಲಿನದು. ಚಳಿಗಾಲಕ್ಕೆ ಅದು ಕಂದು ತಿರುಗುತ್ತೆ. ಅದಕ್ಕೇ ಶರತ್ಕಾಲದಲ್ಲಿ ಮೇಲೆ ರೈ ಹುಲ್ಲಿನ ಬೀಜ ಎರಚುತ್ತಾರೆ. ಬೀಜ ಬಿದ್ದ ಮೇಲೆ ಬಗ್ಗಿ (ಕೋರ್ಸಿನಲ್ಲಿ ಓಡಾಡೋ ಪುಟ್ಟ ಗಾಡಿ) ದಾರಿ ಬಿಟ್ಟು ಇಳಿಯೋ ಹಾಗಿಲ್ಲ. ನಮಗೆ ಆರರಲ್ಲಿ ಎರಡು ಕೋರ್ಸ್ ಹೀಗೇ ಸಿಕ್ಕವು. ಬಗ್ಗಿ ನಿಲ್ಲಿಸು, ಮೂರು ಕ್ಲಬ್ (ಚೆಂಡು ಹೊಡೆಯೋ ಕೋಲು) ಕೈಯಲ್ಲಿ ಹಿಡಿ, ಇಳಿಜಾರು ದಾಟಿ ಚೆಂಡಿನ ಹತ್ತಿರ ಹೋಗು, ಬೇಕಾಗಿದ್ದು ನಾಲ್ಕನೇ ಕ್ಲಬ್ ಅಂತ ಅಲ್ಲಿ ಗೊತ್ತಾಗಲಿ, ವಾಪಸ್ ಬಾ. ಹದಿನೆಂಟು ಹೋಲ್ ಇದೇ ಕಸರತ್ತು. ಪೂರ್ತಿ ಗ್ರೀನ್ ಫೀ (ಆಡೋ ಶುಲ್ಕ) ಕೊಟ್ಟು!

ಅದೇ ಸಲ ಆಡಿದ ಲಾ ಕಾಲಾ ರೆಸಾರ್ಟಿನಲ್ಲಿ ಮೂರು ಕೋರ್ಸ್. ಹೆಸರು ಅಮೆರಿಕಾ, ಏಷ್ಯಾ, ಯುರೋಪಾ. ಬಗ್ಗಿ ಬಾಡಿಗೆ ಉಳಿಸೋಣ ಅಂತ ಏಷ್ಯಾದಲ್ಲಿ ಟ್ರಾಲಿ ತಳ್ಳಿಕೊಂಡು ನಡೆದೆವು. ಅದು ಬೆಟ್ಟ ಸ್ವಾಮಿ. ಒಂಬತ್ತನೇ ಹೋಲ್‌ಗೆ ನಮ್ಮ ಡಾಕ್ಟರು ಹುಲ್ಲಿನ ಮೇಲೇ ಮಲಗಿಬಿಟ್ಟರು. ಏಷ್ಯಾದವರು ಏಷ್ಯಾದಲ್ಲೇ ಸೋತೆವು.

2019ರಲ್ಲಿ ಏಜೆಂಟ್‌ನ ಬಿಟ್ಟು ನಾವೇ ಮಾಡಿಕೊಂಡೆವು. ತಪ್ಪೂ ನಮ್ಮದೇ. ಕಾರು ಬುಕ್ ಮಾಡಿದ್ದು ಪೀಣ್ಯದ ಗೆಳೆಯನ ಕ್ರೆಡಿಟ್ ಕಾರ್ಡಲ್ಲಿ, ಓಡಿಸೋನು ನಾನು. ಮಾಲಗಾ ಏರ್‌ಪೋರ್ಟಿನ ಕೌಂಟರಲ್ಲಿ ಆ ಹುಡುಗಿ ಎರಡನ್ನೂ ನೋಡಿ ತಲೆ ಆಡಿಸಿದಳು. ಡ್ರೈವರ್ ಹೆಸರು, ಕಾರ್ಡಿನ ಹೆಸರು ಒಂದೇ ಇರಬೇಕು. ಡೆಬಿಟ್ ಕಾರ್ಡ್ ಬೇಡ, ಸಾವಿರ ಯೂರೋ ಚಿಲ್ಲರೆ ಬ್ಲಾಕ್ ಆಗೋದೂ ಕ್ರೆಡಿಟ್ ಕಾರ್ಡಿನಲ್ಲೇ ಆಗಬೇಕು. ಕೊನೆಗೆ ಗೆಳೆಯನೇ ಓಡಿಸಬೇಕಾಯಿತು. ಅವನು ಬಲಗಡೆ ಓಡಿಸಿದ್ದು ಜೀವಮಾನದಲ್ಲೇ ಅದೇ ಮೊದಲು. ಪ್ರತಿ ರೌಂಡ್‌ಅಬೌಟಿನಲ್ಲೂ ಹಿಂದಿನ ಸೀಟಿನಿಂದ "ಬಲಕ್ಕೆ, ಬಲಕ್ಕೆ" ಅಂತ ಮೂರು ಜನ ಕೂಗುತ್ತಿದ್ದೆವು. ಹಿಂದಿನ ಸೀಟಲ್ಲೇ ಮೂರು ಜನ ಯಾಕೆ ಅಂದ್ರಾ? ಮುಂದಿನ ಸೀಟಲ್ಲಿ ಎರಡು ಗಾಲ್ಫ್ ಬ್ಯಾಗ್ ಕೂತಿದ್ದವು. ಡಿಕ್ಕಿಯಲ್ಲಿ ಹಿಡಿದಿದ್ದು ಒಂದೇ. ನಾಲ್ಕನೆಯದು ವಿಮಾನ ಬದಲಿಸುವಾಗ ಎಲ್ಲೋ ಉಳಿದು ಮೂರು ದಿನ ಆದಮೇಲೆ ಬಂತು. ಬ್ಯಾಗ್ ಕಳೆದುಹೋಗಿದ್ದೇ ಪುಣ್ಯ ಅಂತ ಆ ಸಂಜೆ ನನಗೆ ಅನ್ನಿಸಿದ್ದು ನಿಜ.

ಅದೇ ಸಲ ಡಾಕ್ಟರು ಪಕ್ಕದ ಬ್ರಿಟಿಷರ ಜಿಬ್ರಾಲ್ಟರ್ ನೋಡಲೇಬೇಕು ಅಂತ ಹಟ ಹಿಡಿದರು. ನಮ್ಮ ಷೆಂಗೆನ್ ವೀಸಾ ಅಲ್ಲಿ ನಡೆಯಲಿಲ್ಲ. ಒಂದು ಆಟದ ದಿನ ಕಳೆದುಕೊಂಡು ಗಡಿಯ ಈಚೆ ಲಾ ಲೀನಿಯಾ ಊರಿನಲ್ಲಿ ನಿಂತು ಬಂಡೆಯ ಫೋಟೋ ತೆಗೆದು ಬಂದೆವು. ಒಂದು ಪ್ರಯೋಜನ ಆಯಿತು. ಆ ಬಂಡೆಯ ನೆತ್ತಿಗೆ ಮೋಡದ ಟೋಪಿ ಕೂತರೆ ಲೆವಾಂತೆ ಬೀಸ್ತಿದೆ ಅಂತ ಅರ್ಥ. ಪೂರ್ವದಿಂದ ಬರುವ ಒದ್ದೆ ಗಾಳಿ. ಹತ್ತಿರದ ಸೊಟೊಗ್ರಾಂಡೆ ಕೋರ್ಸ್‌ಗಳ ಕಡೆ ಅವತ್ತು ನಿಮ್ಮ ಸೆವೆನ್ ಐರನ್ ಕ್ಲಬ್ಬಿನ ಹೊಡೆತ ಎಷ್ಟು ದೂರ ಹೋಗುತ್ತೆ ಅಂತ ದೇವರಿಗೇ ಗೊತ್ತು.

ಇಷ್ಟೆಲ್ಲ ಆದ ಮೇಲೆ ಮೂರನೇ ಪ್ಲಾನ್‌ಗೆ ಕೂತಾಗ ಮೊದಲು ತಿಂಗಳು ಬದಲಾಯಿಸಿದೆ. ಯುರೋಪಿನ ಗಾಲ್ಫರ್‌ಗಳು ಅಲ್ಲಿಗೆ ಮುಗಿಬೀಳೋದು ಮಾರ್ಚಿನಿಂದ ಮೇ, ಆಮೇಲೆ ಸೆಪ್ಟೆಂಬರಿನಿಂದ ನವೆಂಬರ್. ಗ್ರೀನ್ ಫೀ ಏರೋದೂ ಆವಾಗಲೇ. ಜೂನ್ ಬಂತು ಅಂದರೆ ಅವರಿಗೆ ಸೆಕೆ, ದರ ಇಳಿಯುತ್ತೆ. ನಮಗೇನು ಸೆಕೆ? ಜೂನ್ ಮಧ್ಯದಲ್ಲಿ ಕರಾವಳಿಯಲ್ಲಿ ಇಪ್ಪತ್ತೆಂಟು ಡಿಗ್ರಿ, ಮಧ್ಯಾಹ್ನ ಸಮುದ್ರದ ಗಾಳಿ. ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಆಡೋರು ಇದಕ್ಕೆ ಹೆದರೋದೇ? ಜುಲೈ, ಆಗಸ್ಟ್ ಮಾತ್ರ ಬೇಡ. ಆಗ ಬೀಚ್ ಜನ ಬಂದು ಮನೆ ಬಾಡಿಗೆ ದುಪ್ಪಟ್ಟಾಗುತ್ತೆ, ಗ್ರೀನ್ ಫೀಯಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತೆ.

ಎರಡನೆಯದು ಸೂರ್ಯ. ಜೂನ್‌ನಲ್ಲಿ ಮಾಲಗಾದಲ್ಲಿ ಅವನು ಮುಳುಗೋದು ರಾತ್ರಿ ಒಂಬತ್ತೂಮುಕ್ಕಾಲಿನ ಹತ್ತಿರ. ಮಧ್ಯಾಹ್ನ ಮೂರೂವರೆ, ನಾಲ್ಕರ ಮೇಲೆ ಟ್ವಿಲೈಟ್ ದರ, ಅಂದರೆ ಸಂಜೆಯ ರಿಯಾಯಿತಿ. ನಾಲ್ಕಕ್ಕೆ ಹೊರಟರೂ ಹದಿನೆಂಟು ಹೋಲ್ ಆರಾಮಾಗಿ ಮುಗಿಯುತ್ತೆ. ಬೆಳಿಗ್ಗೆ 90 ಯೂರೋ ಕೇಳುವ ಕೋರ್ಸ್ ಸಂಜೆ 50, 55ಕ್ಕೆ ಸಿಕ್ಕಿತು. ಕೆಲವು ಕಡೆ ಬಗ್ಗಿ ಸೇರಿ.

ಆದರೆ ಇಲ್ಲೊಂದು ಎಡವಟ್ಟು ಇದೆ. ಬೇಸಿಗೆಯಲ್ಲಿ ನಾವು ಅವರಿಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಏಳು ಅಂದ್ರೆ ನಮ್ಮ ಮೈಗೆ ರಾತ್ರಿ ಹತ್ತೂವರೆ. ಮೊದಲ ದಿನವೇ ಟ್ವಿಲೈಟ್ ಹಾಕಿಕೊಂಡರೆ ಹನ್ನೆರಡನೇ ಹೋಲ್‌ನಲ್ಲಿ ಕಣ್ಣು ಎಳೆಯುತ್ತೆ. ಬೆಳಿಗ್ಗೆ ನಾಲ್ಕಕ್ಕೆ ತಾನಾಗೇ ಎಚ್ಚರ ಆಗುತ್ತಲ್ಲ, ಅದನ್ನೇ ಬಳಸಿಕೊಂಡೆ. ಮೊದಲೆರಡು ರೌಂಡ್ ಬೆಳಿಗ್ಗೆ ಎಂಟರ ಒಳಗೆ, ಮೂರನೆಯದರಿಂದ ಸಂಜೆ. ಇದನ್ನು ಯಾವ ಏಜೆಂಟೂ ಹೇಳಿರಲಿಲ್ಲ. ನನ್ನದೇ ತಲೆ ಅಂತ ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಏಳು ರಾತ್ರಿಗೆ ಐದೇ ರೌಂಡ್. ಮಧ್ಯೆ ಒಂದು ದಿನ ಖಾಲಿ, ಅದು ಯಾವ ದಿನ ಅಂತ ಮೊದಲೇ ಗೊತ್ತು ಮಾಡಿರಲಿಲ್ಲ. ಎರಡು ದಿನ ಮುಂಚೆ ಹೇಳಿದರೆ ದುಡ್ಡು ಹಿಡಿಯದ ಬುಕಿಂಗ್ ಮಾತ್ರ ಮಾಡಿದ್ದೆ. ನಾಲ್ಕನೇ ದಿನ ತೆರಾಲ್ ಬೀಸಿತು. ಬೆಟ್ಟದ ಕಡೆಯಿಂದ ಬರುವ ಒಣಗಾಳಿ, ಮುಖಕ್ಕೆ ಕುಲುಮೆ ಊದಿದ ಹಾಗೆ. ಮಧ್ಯಾಹ್ನ 38 ಡಿಗ್ರಿ. ಮುನ್ಸೂಚನೆ ನೋಡಿ ಅದನ್ನೇ ರಜಾ ದಿನ ಮಾಡಿಕೊಂಡಿದ್ದೆವು.

ಉಳಿದುಕೊಂಡಿದ್ದು ಗಾಲ್ಫ್ ರೆಸಾರ್ಟಲ್ಲಿ ಅಲ್ಲ. ಫುವೆನ್‌ಹಿರೋಲಾದಲ್ಲಿ ಎರಡು ರೂಮಿನ ಅಪಾರ್ಟ್‌ಮೆಂಟ್, ನಾಲ್ಕು ಜನಕ್ಕೆ ಏಳು ರಾತ್ರಿಗೆ 1,300 ಯೂರೋ ಚಿಲ್ಲರೆ. ಏರ್‌ಪೋರ್ಟಿಗೆ ಲೋಕಲ್ ಟ್ರೈನ್ ಇದೆ. ಮಿಹಾಸ್ ಕೋರ್ಸ್‌ಗಳು ಕಾರಲ್ಲಿ ಹತ್ತು ನಿಮಿಷ. (ಸ್ಪೆಲಿಂಗ್ ನೋಡಿ ಮಿಜಾಸ್ ಅಂದ್ರೆ ಅಲ್ಲಿ ಯಾರೂ ದಾರಿ ತೋರಿಸಲ್ಲ.) ಅಲ್ಲಿ ರಾಬರ್ಟ್ ಟ್ರೆಂಟ್ ಜೋನ್ಸ್ ಹಾಕಿದ ಎರಡು ಕೋರ್ಸ್ ಅಕ್ಕಪಕ್ಕ ಇವೆ. ಲಾಸ್ ಲಾಗೋಸ್ ಅಗಲ, ದೊಡ್ಡ ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲು), ಕೆರೆಗಳು. ಲಾಸ್ ಒಲಿವೋಸ್ ಇಕ್ಕಟ್ಟು, ಗ್ರೀನ್ ಚಿಕ್ಕವು. ಹದಿನಾರು ಹ್ಯಾಂಡಿಕ್ಯಾಪಿನ (ಕೋರ್ಸಿನ ನಿಗದಿಗಿಂತ ಸುಮಾರು ಹದಿನಾರು ಹೊಡೆತ ಜಾಸ್ತಿ ಬೇಕಾಗೋ) ನಾನು ಲಾಗೋಸ್‌ನಲ್ಲಿ 86 ಹೊಡೆತಕ್ಕೆ ಮುಗಿಸಿದೆ. ಒಲಿವೋಸ್‌ನಲ್ಲಿ ಎಷ್ಟು ಅಂತ ಕೇಳಬೇಡಿ.

ಮೊದಲ ರೌಂಡ್ ಮಾಲಗಾದ ಪರಾದೋರ್ ಕೋರ್ಸಿನಲ್ಲಿ. 1925ರದು, ಆ ಕರಾವಳಿಯಲ್ಲೇ ಹಳೆಯದು. ಏರ್‌ಪೋರ್ಟ್ ಪಕ್ಕ, ಸಮುದ್ರದ ದಡ, ನೆಲ ಸಮತಟ್ಟು. ಪ್ರಯಾಣದ ಮೈ ಬಿಡಿಸಿಕೊಳ್ಳೋಕೆ ಹೇಳಿ ಮಾಡಿಸಿದ ಜಾಗ. ಪಟ್ ಮಾಡೋ (ಚೆಂಡನ್ನು ಮೆಲ್ಲಗೆ ಹೋಲ್‌ಗೆ ಉರುಳಿಸೋ) ಹೊತ್ತಿಗೆ ತಲೆ ಮೇಲೆ ವಿಮಾನ ಇಳಿಯುತ್ತೆ ಅನ್ನೋದೊಂದೇ ತಕರಾರು. ನನ್ನ ಭಾವಮೈದ ತಪ್ಪಿದ ಪಟ್‌ಗಳನ್ನೆಲ್ಲ ವಿಮಾನದ ಲೆಕ್ಕಕ್ಕೆ ಬರೆದ.

ದೊಡ್ಡ ಕೋರ್ಸ್ ಒಂದೇ ಸಾಕು ಅಂತ ಮೊದಲೇ ಮಾತಾಗಿತ್ತು. ವಾಲ್ಡೆರಾಮಾ ಒಬ್ಬರಿಗೆ 500 ಯೂರೋಗೂ ಮೇಲೆ, ಬಿಟ್ಟೆವು. ಬದಲಿಗೆ ಮಾರ್ಬೆಯಾದ ಲಾಸ್ ಬ್ರಿಸಾಸ್. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2023ರ ನವೆಂಬರಿನಲ್ಲಿ ಮಹಿಳೆಯರ ಸ್ಪ್ಯಾನಿಷ್ ಓಪನ್ ಗೆದ್ದಿದ್ದು ಅಲ್ಲಿ. ಐದು ರೌಂಡಿನ ಗ್ರೀನ್ ಫೀ ಒಟ್ಟು 550 ಯೂರೋ ಆಗಿರಬಹುದು, ಅದರಲ್ಲಿ ಅರ್ಧದ ಹತ್ತಿರ ಇದೊಂದೇ ತಿಂದಿತು. ಎಲ್ಲಿ ನೋಡಿದರೂ ನೀರು. ಗ್ರೀನ್‌ಗಳು ಎತ್ತರದಲ್ಲಿ, ಸ್ವಲ್ಪ ಕಮ್ಮಿ ಬಿದ್ದರೆ ಚೆಂಡು ಉರುಳಿ ನಿಮ್ಮ ಕಾಲ ಹತ್ತಿರಕ್ಕೇ ಬರುತ್ತೆ. ನಾನು ಆರು ಚೆಂಡು ನೀರಿಗೆ ಕೊಟ್ಟೆ. ಆ ಹುಡುಗಿ ಇಲ್ಲಿ ನಾಲ್ಕು ದಿನ ಹೇಗೆ ಆಡಿರಬೇಕು ಅಂತ ಆಮೇಲೆ ಅರ್ಥ ಆಯಿತು. ಅಲ್ಲಿ ಟೀ ಟೈಮ್ ಹೇಗೆ ಸಿಕ್ಕಿತು, ಯಾರಿಗೆ ಫೋನ್ ಮಾಡಿದೆ ಅನ್ನೋದು ಇಲ್ಲಿ ಬರೆಯಲ್ಲ. ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಕೇಳಿದರು, ಅಷ್ಟು ಹೇಳಬಲ್ಲೆ.

ಬ್ಯಾಗಿನ ವಿಷಯಕ್ಕೆ ಬರ್ತೀನಿ, ಜಗಳ ಜಾಸ್ತಿ ಆಗಿದ್ದು ಅದರ ಮೇಲೆ. ಹದಿನಾಲ್ಕು ಕ್ಲಬ್ ಬೇಡ, ಒಂಬತ್ತು ಸಾಕು ಅಂದೆ. ತೆಳು ಪೆನ್ಸಿಲ್ ಬ್ಯಾಗ್, ಅದರ ಸುತ್ತ ಬಟ್ಟೆ, ಶೂ ಒಳಗೆ ಸಾಕ್ಸ್, ಎಲ್ಲ ಒಂದೇ ಟ್ರಾವೆಲ್ ಕವರಿನೊಳಗೆ. ಬೇರೆ ಸೂಟ್‌ಕೇಸೇ ಇಲ್ಲ. ಅಡುಗೆಮನೆಯ ಪಕ್ಕದಲ್ಲಿ ತೂಗುತಕ್ಕಡಿಗೆ ನೇತುಹಾಕಿದಾಗ ನನ್ನದು ಇಪ್ಪತ್ತೆರಡು ಕೇಜಿ. ಡಾಕ್ಟರದ್ದು ಇಪ್ಪತ್ತಾರು, ಅವರ ಎಂಟಿಆರ್ ಪ್ಯಾಕೆಟ್‌ಗಳನ್ನು ನಾಲ್ಕು ಜನ ಹಂಚಿಕೊಂಡೆವು. ಡ್ರೈವರ್ ಅನ್ನೋ ಉದ್ದದ ಕ್ಲಬ್ಬಿನ ತಲೆ ಬಿಚ್ಚಿ ಟವೆಲಲ್ಲಿ ಸುತ್ತಿದ್ದೆ, ಮುರಿಯದಿರಲಿ ಅಂತ. ಬುದ್ಧಿವಂತಿಕೆ ಅಲ್ಲಿಗೆ ಮುಗಿಯಿತು. ಅದನ್ನು ಮತ್ತೆ ಬಿಗಿಯೋ ಪಾನಾ ಮನೆಯಲ್ಲೇ ಬಿಟ್ಟುಬಂದಿದ್ದೆ. ಪರಾದೋರಿನ ಅಂಗಡಿಯವನು ನಕ್ಕು ತನ್ನದನ್ನೇ ಕೊಟ್ಟ, ಟಕ್ ಅಂತ ಶಬ್ದ ಬರೋವರೆಗೆ ತಾನೇ ತಿರುಗಿಸಿಕೊಟ್ಟ. ಕವರ್ ತೆಳುವಾಗಿದ್ದರಿಂದ ಏಳು ಸೀಟಿನ ಕಾರಿನಲ್ಲಿ ಹಿಂದಿನ ಸಾಲು ಮಡಚಿದರೆ ನಾಲ್ಕೂ ಹಿಡಿದವು. ಕಾರ್ಡೂ ನನ್ನದೇ, ಲೈಸೆನ್ಸೂ ನನ್ನದೇ, ಇಂಟರ್‌ನ್ಯಾಷನಲ್ ಪರ್ಮಿಟ್ಟೂ ನನ್ನದೇ.

ನಮ್ಮವರು ಮರೆಯೋ ಇನ್ನೊಂದು ಸಂಗತಿ ಕ್ಯಾಡಿ. ಅಲ್ಲಿ ಕ್ಯಾಡಿ ಇರಲ್ಲ. ಇಲ್ಲಿ ನಾವು ಹೊಡೆದು ನಿಂತರೆ ಸಾಕು, ಚೆಂಡು ಹುಡುಕೋನು ಅವನು, ಎಷ್ಟು ದೂರ ಅಂತ ಹೇಳೋನು ಅವನು, ಪಟ್ ಎಲ್ಲಿಗೆ ತಿರುಗುತ್ತೆ ಅನ್ನೋನೂ ಅವನೇ. 2017ರಲ್ಲಿ ನಾನೊಬ್ಬನೇ ಮೂವತ್ತು ಚೆಂಡು ಕಳೆದಿದ್ದೆ. ಅದಕ್ಕೇ ಈ ಸಲ ಹೊರಡೋ ಮುಂಚೆ ಎರಡು ತಿಂಗಳು ಮೂಗನ ಆಟ ಆಡಿದೆವು. ಕ್ಯಾಡಿ ಜೊತೆಗಿರಬೇಕು, ಮಾತಾಡಬಾರದು. ನನ್ನ ಕ್ಯಾಡಿಗೆ ಹೇಳಿದಾಗ, "ಸಾರ್, ಕೂಲಿ ಅಷ್ಟೇನಾ?" ಅಂದ. ಅಷ್ಟೇ ಅಂದೆ. ಮೊದಲ ದಿನ ಮೂರನೇ ಗ್ರೀನ್‌ನಲ್ಲಿ ನಾನು ಎಡಕ್ಕೆ ಗುರಿ ಇಟ್ಟೆ. ಅವನು ಬಾಯಿ ಮೇಲೆ ಕೈ ಇಟ್ಟುಕೊಂಡು ಬಲಗಡೆ ಇರೋ ಮರವನ್ನೇ ನೋಡ್ತಾ ನಿಂತ. ಚೆಂಡು ಬಲಕ್ಕೆ ಹೋಗಬೇಕಿತ್ತು. ಈ ಸಲ ಸ್ಪೇನ್‌ನಲ್ಲಿ ಐದು ರೌಂಡ್ ಸೇರಿ ಹೋಗಿದ್ದು ಹದಿನಾಲ್ಕು ಚೆಂಡು, ಬ್ರಿಸಾಸಿನ ಆರು ಅದರೊಳಗೇ ಬಂತು.

ಊಟದ ಬಗ್ಗೆ ಎರಡು ಮಾತು. ಡಾಕ್ಟರು ಸಸ್ಯಾಹಾರಿ. ಮಾಂಸ ಬೇಡ ಅಂದರೆ ಟ್ಯೂನಾ ಮೀನು ಹಾಕಿ ತರ್ತಾರೆ, ಅವರ ಪ್ರಕಾರ ಅದು ಮಾಂಸ ಅಲ್ಲ. ಸಾಲ್ಮೊರೇಹೊ ಅಂತ ತಣ್ಣನೆ ಟೊಮೇಟೊ ಸೂಪ್ ತರಿಸಿದರೆ ಮೇಲೆ ಹಂದಿಮಾಂಸದ ಚೂರು, ಮೊಟ್ಟೆ. ಕೊನೆಗೆ ಸಿಕ್ಕಿದ್ದು ಬದನೆಕಾಯಿ. ಉದ್ದಕ್ಕೆ ಸೀಳಿ ಗರಿಗರಿಯಾಗಿ ಕರಿದು ಮೇಲೆ ಕಪ್ಪನೆ ಪಾಕ ಸುರೀತಾರೆ. ಅವರು ಅದಕ್ಕೆ ಕಬ್ಬಿನ ಜೇನು ಅಂತಾರೆ. ನಾಲಿಗೆಗೆ ಇಟ್ಟರೆ ನಮ್ಮ ಜೋನಿ ಬೆಲ್ಲವೇ! ತೆರಾಲ್ ಬೀಸಿದ ದಿನ ಇದರ ಮೂಲ ಹುಡುಕಿಕೊಂಡು ನೆರ್ಹಾ ಪಕ್ಕದ ಫ್ರಿಹಿಲಿಯಾನಾ ಅನ್ನೋ ಸುಣ್ಣ ಬಳಿದ ಬೆಟ್ಟದೂರಿಗೆ ಹೋದೆವು, ಅದರ ಕಾರ್ಖಾನೆ ಅಲ್ಲಿದೆ. ಎರಡು ಬಾಟಲಿ ತಂದೆ. ನನ್ನ ಹೆಂಡತಿ ರುಚಿ ನೋಡಿ, "ಶಿರಸೀಲಿ ಸಿಕ್ತಿರಲಿಲ್ವಾ?" ಅಂದಳು.

ಖರ್ಚು ನೆನಪಿದ್ದಷ್ಟು: ಒಂದು ಕಡೆ ವಿಮಾನ ಬದಲಿಸುವ ಟಿಕೆಟ್ 72 ಸಾವಿರ, ವೀಸಾ ಮತ್ತೆ ಇನ್ಶೂರೆನ್ಸ್ ಹದಿಮೂರು ಸಾವಿರ, ಮನೆ ನನ್ನ ಪಾಲಿಗೆ 325 ಯೂರೋ, ಕಾರು ಮತ್ತೆ ಡೀಸೆಲ್ 150, ಊಟ 200. ಗ್ರೀನ್ ಫೀ ಮೇಲೇ ಹೇಳಿದೆ. ಬಗ್ಗಿ, ಕಾಫಿ, ಜೋನಿ ಬೆಲ್ಲ ಸೇರಿ ಇನ್ನೊಂದು ನೂರು. ಇದರಲ್ಲಿ ನನ್ನ ಭಾವಮೈದನ ಹೊಸ ಪಟರ್ ಸೇರಿಲ್ಲ, ಅದು ಅವನ ಕರ್ಮ.

ನಕ್ಕವರಲ್ಲಿ ಮೂರು ಜನ ಈಗ ನನ್ನ ಪ್ಲಾನಿನ ಎಕ್ಸೆಲ್ ಶೀಟ್ ಕಳಿಸು ಅಂತ ಕೇಳ್ತಿದ್ದಾರೆ. ಆ ಇಸ್ಪೀಟು ಟೇಬಲ್‌ನ ಹಿರಿಯರೂ ಕೇಳಿದರು, ನೇರವಾಗಿ ಅಲ್ಲ, ಮಗನ ಕೈಲಿ ಮೆಸೇಜ್ ಹಾಕಿಸಿದರು. ಕಳಿಸಿದ್ದೀನಿ. ಫೋನ್ ನಂಬರ್ ಇದ್ದ ಕೊನೇ ಕಾಲಂ ಮಾತ್ರ ಅಳಿಸಿಬಿಟ್ಟು.