ಮೈ ಒರೆಸುವಾಗ ಆಡುವ ಮಾತು

ನರ್ಸಿಂಗ್ ಓದುವಾಗ ರೋಗಿಯ ಜೊತೆ ಮಾತಾಡುವುದು ಹೇಗೆ ಅನ್ನುವುದು ಒಂದು ಪಾಠ. ಬೆಡ್ ಮಾಡುವುದು, ಸ್ಪಂಜ್ ಬಾತ್ ಕೊಡುವುದು, ವೈಟಲ್ಸ್ ಅಂದರೆ ಪಲ್ಸ್, ಬಿಪಿ, ಉಸಿರಾಟ ಇವೆಲ್ಲ ನೋಡುವುದು ಬೇರೆ ಪಾಠ. ವಾರ್ಡಿಗೆ ಕಾಲಿಟ್ಟ ಮೇಲೆ ಎರಡನ್ನೂ ಬೇರೆ ಬೇರೆ ಮಾಡಲು ಟೈಮೇ ಸಿಗುವುದಿಲ್ಲ. ಡ್ಯೂಟಿ ಮಧ್ಯೆ ಒಬ್ಬೊಬ್ಬರ ಪಕ್ಕ ಕೂತು ಮಾತಾಡುವಷ್ಟು ಬಿಡುವು ಯಾರಿಗಿದೆ ಹೇಳಿ? ಹಾಗಾಗಿ ಕೈ ಕೆಲಸ ಮಾಡುತ್ತಿರುವಾಗಲೇ ಮಾತಾಡುವುದನ್ನು ನಾನು ರೂಢಿ ಮಾಡಿಕೊಂಡೆ. ಇದರಿಂದ ನನಗೆ ತಿಳಿದಷ್ಟು ವಿಷಯ ಯಾವ ಚಾರ್ಟಿನಿಂದಲೂ ತಿಳಿದಿಲ್ಲ.

ಎಲ್ಲಕ್ಕಿಂತ ಜಾಸ್ತಿ ತಿಳಿಯುವುದು ಸ್ಪಂಜ್ ಬಾತ್ ಕೊಡುವಾಗ. ಇದನ್ನು ಕೆಳಮಟ್ಟದ ಕೆಲಸ ಅಂದುಕೊಂಡು ತಪ್ಪಿಸಿಕೊಳ್ಳುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ರೋಗಿಯ ಮೈಯನ್ನು ತಲೆಯಿಂದ ಹಿಮ್ಮಡಿವರೆಗೆ ನಿಧಾನವಾಗಿ ನೋಡಲು ನಮಗೆ ಸಿಗುವ ಹೊತ್ತು ಅದೊಂದೇ. ಪರದೆ ಎಳೆದು, ಏನು ಮಾಡುತ್ತೇನೆ ಅಂತ ಮೊದಲೇ ಹೇಳಿ, ಒರೆಸುತ್ತಿರುವ ಭಾಗ ಮಾತ್ರ ತೆರೆದು ಉಳಿದದ್ದನ್ನು ಮುಚ್ಚಿರುತ್ತೇನೆ. ನೀರಿನ ಬಿಸಿ ಸಾಕಾ ಅಂತ ಅವರ ಕೈಗೇ ಒದ್ದೆ ಬಟ್ಟೆ ತಾಗಿಸಿ ಕೇಳುತ್ತೇನೆ. ಆಗುವವರಾದರೆ ಮುಖ ಅವರೇ ಒರೆಸಿಕೊಳ್ಳಲಿ. ಆಗದಿದ್ದರೆ ಕಣ್ಣನ್ನು ಮೂಗಿನ ಕಡೆಯಿಂದ ಹೊರಗೆ ಒರೆಸಬೇಕು, ಒಂದೊಂದು ಕಣ್ಣಿಗೆ ಬಟ್ಟೆಯ ಬೇರೆ ಬೇರೆ ಮೂಲೆ. ಇಷ್ಟು ಮಾಡುವಷ್ಟರಲ್ಲಿ ರೋಗಿಯ ಬಿಗಿ ಸಡಿಲವಾಗಿರುತ್ತದೆ, ಮಾತು ತಾನಾಗಿ ಬರುತ್ತದೆ.

ಸೊಂಟದ ಆಪರೇಷನ್ ಆಗಿದ್ದ ಒಬ್ಬ ಅಜ್ಜಿ ನೆನಪಾಗುತ್ತಾರೆ. ಡಾಕ್ಟರ್ ರೌಂಡ್ಸಿಗೆ ಬಂದಾಗೆಲ್ಲ "ಏನೂ ತೊಂದರೆ ಇಲ್ಲ, ಚೆನ್ನಾಗಿದೀನಿ" ಅನ್ನುತ್ತಿದ್ದರು. ಕಾಲು ಒರೆಸುತ್ತಾ ಹಿಮ್ಮಡಿಗೆ ಬಂದೆ, ಅವರು ಸ್ವಲ್ಪವೇ ಕಾಲು ಎಳೆದುಕೊಂಡರು. ಅಲ್ಲಿ ರೂಪಾಯಿ ಅಗಲದ ಕೆಂಪು ಇತ್ತು. ಬೆರಳಿನಿಂದ ಒತ್ತಿ ಬಿಟ್ಟೆ, ಬೆಳ್ಳಗಾಗಲಿಲ್ಲ, ಕೆಂಪು ಹಾಗೇ ಉಳಿಯಿತು. ಮಲಗಿದಲ್ಲೇ ಒತ್ತಡ ಬಿದ್ದು ಆಗುವ ಹುಣ್ಣು, ಬೆಡ್ ಸೋರ್, ಅದರ ಮೊದಲ ಹಂತ ಇದು. ಮೈಬಣ್ಣ ಕಪ್ಪಗಿದ್ದರೆ ಈ ಕೆಂಪು ಕಣ್ಣಿಗೆ ಬೀಳುವುದೇ ಕಷ್ಟ, ಆಗ ಕೈಯಿಂದಲೇ ಗೊತ್ತು ಮಾಡಿಕೊಳ್ಳಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ನೋವಾ ಅಂತ. ಕೆಂಪಾದ ಜಾಗವನ್ನು ಉಜ್ಜಲೇಬಾರದು, ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬು ಇಟ್ಟೆ.

ಇಡುತ್ತಾ, "ಅಜ್ಜಿ, ಬಾಯಿ ತುಂಬಾ ಒಣಗಿದೆಯಲ್ಲ, ನೀರು ಕುಡಿತಿಲ್ವಾ?" ಅಂದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಕುಡಿದ್ರೆ ಪದೇ ಪದೇ ಬರುತ್ತಮ್ಮಾ, ಪ್ಯಾನಿಗೆ ನಿಮ್ಮನ್ನ ಎಷ್ಟು ಸಲ ಕರೀಲಿ" ಅಂದರು.

ಇಂಥವರು ಒಬ್ಬಿಬ್ಬರಲ್ಲ. ನಾಚಿಕೆಗೆ, ನಮಗೆ ತೊಂದರೆ ಆಗುತ್ತದೆ ಅನ್ನುವ ಸಂಕೋಚಕ್ಕೆ ನೀರನ್ನೇ ಬಿಡುತ್ತಾರೆ. ಮೂತ್ರ ಗಾಢ ಹಳದಿ ಆಗುತ್ತದೆ, ಮಲಬದ್ಧತೆ ಶುರುವಾಗುತ್ತದೆ, ವಯಸ್ಸಾದವರಿಗೆ ತಲೆಸುತ್ತು, ಗೊಂದಲ ಕೂಡ. ನಾವು ನೀರು ಜಾಸ್ತಿ ಕುಡಿಯಿರಿ ಅಂತ ಹೇಳಿ ಹೋದರೆ ಏನೂ ಬದಲಾಗದು, ಯಾಕೆಂದರೆ ಅಡ್ಡಿ ಇರುವುದು ಬೆಡ್‌ಪ್ಯಾನ್ ಕೇಳುವುದರಲ್ಲಿ. ಹಾಗಾಗಿ ಅವರು ಕೇಳುವವರೆಗೆ ನಾನು ಕಾಯುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಗೂ ಹೋಗುತ್ತೇವಲ್ಲ, ಆಗಲೇ ಪ್ಯಾನ್ ಬೇಕಾ ಅಂತ ಕೇಳಿ, ಮುಗಿದ ಮೇಲೆ ನೀರಿನ ಲೋಟ ಕೈಗೆ ಕೊಡುತ್ತೇನೆ. ಮಗ್ಗುಲು ಬದಲಿಸುವಾಗ ಎಳೆಯದೆ, ಇಬ್ಬರು ಸೇರಿ ರೋಗಿಯ ಕೆಳಗೆ ಅಡ್ಡಲಾಗಿ ಹಾಸಿರುವ ಡ್ರಾ ಶೀಟ್ ಹಿಡಿದು ಎತ್ತಬೇಕು. ಎಳೆದರೆ ಚರ್ಮ ಹಾಸಿಗೆಗೆ ಅಂಟಿ ಒಳಪದರ ಜಾರುತ್ತದೆ, ಬೆಡ್ ಸೋರಿಗೆ ಅದೂ ಕಾರಣ. ಹೊರಡುವ ಮೊದಲು ಕಾಲಿಂಗ್ ಬೆಲ್ ಮತ್ತು ಕನ್ನಡಕ ಕೈಗೆಟಕುವಂತಿದೆಯಾ, ಬೆಡ್ಡಿನ ಬ್ರೇಕ್ ಹಾಕಿದೆಯಾ ಅಂತ ಒಮ್ಮೆ ನೋಡಿದರೆ ಸಾಕು.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. "ನೋವಿಲ್ಲ ತಾನೇ?" ಅಂದರೆ ಇಲ್ಲ ಅಂತಲೇ ಉತ್ತರ ಬರುತ್ತದೆ, ನಾವೇ ಅದನ್ನು ಬಾಯಿಗೆ ಹಾಕಿರುತ್ತೇವೆ. "ಎಲ್ಲಿ ನೋವಿದೆ, ತಿರುಗಿದಾಗ ಹೇಗಾಗುತ್ತೆ?" ಅಂತ ಕೇಳಿ ಸುಮ್ಮನಿರಬೇಕು. ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಎಷ್ಟು ಅಂತ ಕೇಳುವುದು ಒಳ್ಳೆಯದೇ, ಆದರೆ ಎಷ್ಟೋ ಜನಕ್ಕೆ ನೋವನ್ನು ಅಂಕಿಯಲ್ಲಿ ಹೇಳಲು ಬರುವುದಿಲ್ಲ. ಅಂಥವರಿಗೆ ರಾತ್ರಿ ನಿದ್ದೆ ಬಂತಾ, ಕೆಮ್ಮಲು ಆಗುತ್ತಾ ಅಂತ ಕೇಳುತ್ತೇನೆ. ಮಾತ್ರೆ ಕೊಡುವಾಗಲೂ ಹೀಗೇ. ಹೆಸರು ಹೇಳಿ "ನೀವೇ ಅಲ್ವಾ?" ಅಂದರೆ ಕಿವಿ ಮಂದ ಇರುವವರು, ನಿದ್ದೆಗಣ್ಣಿನಲ್ಲಿರುವವರು ಯಾರ ಹೆಸರಿಗೂ ಹೂಂ ಅಂದುಬಿಡುತ್ತಾರೆ. "ನಿಮ್ಮ ಹೆಸರು ಹೇಳಿ" ಅಂತ ಅವರ ಬಾಯಿಂದಲೇ ಕೇಳಿಸಿಕೊಂಡು, ಕೈಯ ಬ್ಯಾಂಡಿನಲ್ಲಿರುವ ನಂಬರ್ ನೋಡಿದ ಮೇಲೆಯೇ ಮಾತ್ರೆ ಕೊಡುತ್ತೇನೆ.

ಮಾತಾಡಬಾರದ ಹೊತ್ತೂ ಇದೆ. ಬಿಪಿ ನೋಡುವಾಗ ರೋಗಿ ಮಾತಾಡಿದರೆ ರೀಡಿಂಗ್ ಏರುತ್ತದೆ. ಐದು ನಿಮಿಷ ಸುಮ್ನೆ ಕೂರಿಸಿ, ತೋಳು ಎದೆಯ ಮಟ್ಟಕ್ಕೆ ಆನಿಸಿ, "ಈಗ ಸ್ವಲ್ಪ ಹೊತ್ತು ಇಬ್ಬರೂ ಮಾತಾಡೋದು ಬೇಡ" ಅಂತ ಮೊದಲೇ ಹೇಳುತ್ತೇನೆ. ಉಸಿರು ಎಣಿಸುವಾಗ ಮಾತ್ರ ಹೇಳುವುದೇ ಇಲ್ಲ. ಹೇಳಿದರೆ ಅವರಿಗೇ ಗೊತ್ತಿಲ್ಲದೆ ಉಸಿರಾಟದ ಲಯ ಬದಲಾಗುತ್ತದೆ. ಪಲ್ಸ್ ನೋಡಿ ಮುಗಿದ ಮೇಲೂ ಮಣಿಕಟ್ಟಿನ ಮೇಲೆ ಬೆರಳು ಹಾಗೇ ಇಟ್ಟು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ದೊಡ್ಡವರಿಗೆ 12ರಿಂದ 20 ಇರಬೇಕು. ಎಣಿಸದೆ ಅಂದಾಜಿಗೆ 18 ಅಂತ ಬರೆಯುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ, ಯಾಕೆಂದರೆ ರೋಗಿ ಹದಗೆಡುವಾಗ ಎಷ್ಟೋ ಸಲ ಮೊದಲು ಏರುವುದು ಅದೇ.

ಪ್ರಜ್ಞೆ ಇಲ್ಲದವರ ಹತ್ತಿರವೂ ಹೀಗೇ ಮಾತಾಡುತ್ತೇನೆ. "ಈಗ ಬಾಯಿ ಒರೆಸ್ತೀನಿ, ತಲೆ ಪಕ್ಕಕ್ಕೆ ತಿರುಗಿಸ್ತೀನಿ" ಅಂತ. ಅವರಿಗೆ ಕೇಳಿಸುತ್ತಿರಬಹುದು. ಅದಕ್ಕೇ ಹಾಸಿಗೆಯ ಹತ್ತಿರ ಬೇರೆ ರೋಗಿಯ ವಿಷಯ, ಮನೆ ವಿಷಯ ಮಾತಾಡುವುದಿಲ್ಲ. ಪಿಸುಮಾತಂತೂ ಬೇಡವೇ ಬೇಡ. ಪ್ರಜ್ಞೆ ಇರುವವರಿಗೆ ಅದು ಇನ್ನೂ ಹಿಂಸೆ, ತನ್ನ ಬಗ್ಗೆಯೇ ಏನೋ ಮುಚ್ಚಿಡುತ್ತಿದ್ದಾರೆ ಅಂತ ಕಿವಿಗೊಟ್ಟು ಮಲಗಿರುತ್ತಾರೆ. ಆಧುನಿಕ ನರ್ಸಿಂಗಿಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಇದನ್ನು ಕ್ರೌರ್ಯ ಅಂತ ಕರೆದಿದ್ದರು.

ಡಿಸ್ಚಾರ್ಜ್ ದಿನ "ಅರ್ಥ ಆಯ್ತಾ?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಎಲ್ಲರೂ ಆಯ್ತು ಅನ್ನುತ್ತಾರೆ. "ನಾನು ಸರಿಯಾಗಿ ಹೇಳಿದೀನಾ ನೋಡೋಣ, ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೋತೀರ, ನನಗೆ ಹೇಳಿ" ಅನ್ನುತ್ತೇನೆ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಇನ್ನೊಮ್ಮೆ ಹೇಳುತ್ತೇನೆ.

ಕೊನೆಗೆ ಬರೆಯುವ ವಿಷಯ. ರೋಗಿ ಹೇಳಿದ್ದನ್ನು ಆದಷ್ಟು ಅವರದೇ ಮಾತಿನಲ್ಲಿ ಬರೆಯುತ್ತೇನೆ, ಡ್ಯೂಟಿ ಮುಗಿದು ಮುಂದಿನ ನರ್ಸಿಗೆ ವಿಷಯ ಒಪ್ಪಿಸುವ ಹ್ಯಾಂಡ್‌ಓವರಿನಲ್ಲೂ ಹಾಗೇ ಹೇಳುತ್ತೇನೆ. "ಉಸಿರಾಟದ ತೊಂದರೆ" ಅಂತ ಒಂದು ಸಾಲು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಮಲಗಿದರೆ ಉಸಿರು ಕಟ್ಟುತ್ತೆ, ಎದ್ದು ಕೂತ್ರೆ ಪರವಾಗಿಲ್ಲ ಅಂತಿದಾರೆ, ಉಸಿರು ನಿಮಿಷಕ್ಕೆ 26 ಇದೆ, ಈಗ ಕೂರಿಸಿದ್ದೇನೆ, ಬಂದು ನೋಡಿ" ಅಂತ ಫೋನಿನಲ್ಲಿ ಹೇಳಿದರೆ, ಹೃದಯದ ತೊಂದರೆಯೋ ಏನೋ ಅನ್ನುವ ಯೋಚನೆ ಡಾಕ್ಟರ್ ತಲೆಯಲ್ಲಿ ಮೆಟ್ಟಿಲು ಇಳಿಯುವಾಗಲೇ ಶುರುವಾಗಿರುತ್ತದೆ.