ಹಿಮ್ಮಡಿ ನೋವು ಮತ್ತು ಅಡುಗೆಯವನ ತೂಕ

ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಜಂಬರಗಳಿಗೆ, ಅಂದರೆ ಮದುವೆಯಂಥ ಸಮಾರಂಭಗಳಿಗೆ, ಅಡುಗೆ ಮಾಡುವುದು ನನ್ನ ಕಸುಬು. ನಸುಕಿಗೆ ಮೊದಲೇ ಒಲೆ ಹೊತ್ತಿಸಿದರೆ ಊಟದ ಕೊನೆಯ ಹಂತಿ ಏಳುವವರೆಗೆ ಸಿಮೆಂಟು ನೆಲದ ಮೇಲೆ ಬರಿಗಾಲಿನಲ್ಲಿ ನಿಲ್ಲಬೇಕು. ನನ್ನ ತೂಕ ಆಗ 98 ಕಿಲೋ. ಎಡ ಹಿಮ್ಮಡಿ ಮೊದಲು ತಕರಾರು ತೆಗೆಯಿತು. ಬೆಳಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಗೆ ಮೊಳೆ ಚುಚ್ಚಿದ ಹಾಗೆ. ತುಸು ನಡೆದಾಡಿದರೆ ಸಡಿಲ. ಸಂಜೆ ಮತ್ತೆ ಅದೇ.

ವೈದ್ಯರು ಹಿಮ್ಮಡಿಯ ಒಳಬದಿಯನ್ನು ಒತ್ತಿ ನೋಡಿ, ಇದು ಪ್ಲಾಂಟಾರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ಪಟ್ಟಿಯ ನೋವು ಎಂದರು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ. ಪಾದದ ಕಮಾನನ್ನು ಹಿಡಿದು ನಿಲ್ಲಿಸುವುದರಲ್ಲಿ ಅದರ ಪಾಲು ದೊಡ್ಡದು. ಮೈಭಾರ ಹೆಚ್ಚಿದಷ್ಟೂ, ನಿಂತ ಹೊತ್ತು ಹೆಚ್ಚಿದಷ್ಟೂ ಅದರ ಮೇಲಿನ ಎಳೆತ ಹೆಚ್ಚು. ಎಕ್ಸ್‌ರೇಯಲ್ಲಿ ಸಣ್ಣ ಮುಳ್ಳುಮೂಳೆ ಕಂಡಿತು. ನೋವೇ ಇಲ್ಲದ ಎಷ್ಟೋ ಜನರಲ್ಲಿ ಅದಿರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ ಎಂದರು. ಸಕ್ಕರೆ, ಯೂರಿಕ್ ಆಮ್ಲ ಎರಡನ್ನೂ ಪರೀಕ್ಷಿಸಿದರು.

ತೂಕ ಇಳಿಸಲು ನಡೆಯಿರಿ ಎಂದು ಊರಿಡೀ ಉಪದೇಶ. ಹೆಜ್ಜೆ ಊರಲಾಗದವನಿಗೆ! ಹಾಗಾಗಿ ನಾನು ಬಾಯಿಯಿಂದ ಶುರು ಮಾಡಿದೆ. ಅಡುಗೆಯವನು ದಪ್ಪವಾಗುವುದು ಎಲೆಯ ಮುಂದೆ ಕುಳಿತಲ್ಲ, ಸಟ್ಟುಗದ ತುದಿಯಲ್ಲಿ. ಪಾಯಸದ ಸಿಹಿ ನೋಡುವ ಅಧಿಕಾರವನ್ನು ಸಹಾಯಕನಿಗೆ ಬಿಟ್ಟುಕೊಟ್ಟೆ. ಕುಚ್ಚಲಕ್ಕಿ ಅನ್ನ ಅರ್ಧ, ಪಲ್ಯ ತಂಬುಳಿ ಧಾರಾಳ. ನಡಿಗೆಯ ಬದಲು ತೋಟದ ಕೆರೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬೀಳುವ ಕೆರೆಯದು, ಬೇಸಗೆಯಲ್ಲೂ ತಂಪು. ಸೊಂಟದ ಮಟ್ಟದ ನೀರಿನಲ್ಲಿ ಕಾಲಿನ ಮೇಲಿನ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ; ಈಜಿದರೆ ಹಿಮ್ಮಡಿಗೆ ಪೂರಾ ರಜೆ.

ಏಳುವ ಮೊದಲು ಹಾಸಿಗೆಯಲ್ಲೇ ಬೈರಾಸನ್ನು (ಟವೆಲನ್ನು) ಪಾದದ ಮುಂಭಾಗಕ್ಕೆ ಸುತ್ತಿ ನನ್ನತ್ತ ಎಳೆದು ಹಿಡಿಯುತ್ತೇನೆ. ಹಗಲು ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವುದು. ಅಡುಗೆಮನೆಗೆ ಚಪ್ಪಲಿ ನಿಷಿದ್ಧ, ಆ ವಿಷಯದಲ್ಲಿ ಮನೆಯ ಹಿರಿಯರ ಜೊತೆ ವಾದ ಹೂಡಿ ಫಲವಿಲ್ಲ. ಹಟ್ಟಿಯಲ್ಲಿ ಹಸುಗಳಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟಿನ ಹೊಸ ತುಂಡೊಂದನ್ನು ಒಲೆಯಿಂದ ತುಸು ದೂರಕ್ಕೆ ಹಾಕಿಕೊಂಡೆ. ಗೋಣಿಚೀಲಕ್ಕಿಂತ ಇದು ಮೇಲು, ಒದ್ದೆಯಾದರೂ ಜಾರುವುದಿಲ್ಲ. ತರಕಾರಿ ಹೆಚ್ಚುವುದು ಈಗ ನನ್ನ ಪಾಲು, ಮೆಟ್ಟುಕತ್ತಿಯ (ಈಳಿಗೆಮಣೆಯ) ಮೇಲೆ ಕುಳಿತು; ಕೊಪ್ಪರಿಗೆ ಕಲಕುವುದು ಹುಡುಗರಿಗೆ.

ಈಗ 86 ಕಿಲೋ. ಬೆಳಗಿನ ಚುಚ್ಚು ಹೋಗಿದೆ, ದೊಡ್ಡ ಮದುವೆಯ ಮಾರನೆಯ ದಿನ ಮಾತ್ರ ಸ್ವಲ್ಪ ಗೊಣಗುತ್ತದೆ. ನನಗಿಂತ ದಪ್ಪವಿರುವ ಸಹಾಯಕನಿಗೆ ನೋವು ಕಣಕಾಲಿನ ಒಳಮಗ್ಗುಲಲ್ಲಿ, ಪಾದವೂ ಚಪ್ಪಟೆಯಾಗುತ್ತಿದೆ. ಅದು ಕಮಾನನ್ನು ಎತ್ತಿ ಹಿಡಿಯುವ ಸ್ನಾಯುರಜ್ಜು ಸೋಲುತ್ತಿರುವ ಲಕ್ಷಣವಿರಬಹುದು. ಬೈರಾಸಿನ ಮದ್ದು ಅದಕ್ಕೆ ಸಾಲದು. ಮೂಳೆ ವೈದ್ಯರಲ್ಲಿಗೆ ಕಳುಹಿಸಿದ್ದೇನೆ.