ಟೈ ರಾಡ್ ಬಿಗಿ ಮಾಡುವಾಗ ಎರಡನೇ ಸ್ಪ್ಯಾನರ್‌ನ ಕೆಲಸ

ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ ಕಾರಿನಲ್ಲಿ (1989–97) ಟೈ ರಾಡ್ (ಸ್ಟೀರಿಂಗ್‌ನ ತಿರುವನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಸರಳು) ಬಿಗಿ ಮಾಡುವ ಜಾಗ ಒಂದೊಂದು ಪಕ್ಕಕ್ಕೆ ಮೂರೇ: ಸ್ಟೀರಿಂಗ್ ತಿರುಗಿದಂತೆ ಅತ್ತಿತ್ತ ಸರಿಯುವ ಹಲ್ಲಿನ ದಂಡದ, ಅಂದರೆ ರ‍್ಯಾಕ್‌ನ ತುದಿಗೆ ಕೂರುವ ಒಳಗಿನ ಬಾಲ್ ಜಾಯಿಂಟ್, ರಾಡ್‌ನ ಉದ್ದ ಕದಲದಂತೆ ಹಿಡಿಯುವ ನಡುವಿನ ಲಾಕ್ ನಟ್, ಚಕ್ರವನ್ನು ಹೊತ್ತ ತುಂಡಾದ ನಕಲ್‌ಗೆ ಕೂರುವ ಹೊರಗಿನ ಎಂಡ್‌ನ ಕ್ಯಾಸಲ್ ನಟ್ (ತಲೆಯಲ್ಲಿ ಸೀಳುಗಳಿರುವ ನಟ್). ಈ ಮೂರಕ್ಕೂ ಬಿಗಿ ಮಾಡುವ ರೀತಿ ಬೇರೆ ಬೇರೆ. ಟಾರ್ಕ್ (ಬಿಗಿ ಮಾಡುವ ತಿರುಚು ಬಲ) ಅಂಕಿಯನ್ನು ಆ ವರ್ಷದ ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳುತ್ತೇನೆ. ಹೊರಗಿನ ಕಂಪನಿಯ ಎಂಡ್ ಹಾಕಿದ್ದು, ಅದರ ಜೊತೆ ನೈಲಾನ್ ನಟ್ ಬಂದಿದ್ದರೆ ಆ ಪೊಟ್ಟಣದಲ್ಲಿರುವ ಅಂಕಿಯೇ ಸರಿ. ನೈಲಾನ್ ನಟ್ ಒಮ್ಮೆ ಬಿಚ್ಚಿದರೆ ಮತ್ತೆ ಬಳಸುವುದಿಲ್ಲ.

ಹಳೆಯ ಎಂಡ್ ಬಿಡಿಸಲು ಕವಲು ಉಳಿ ಹೊಡೆದರೆ ರಬ್ಬರ್ ಬೂಟ್ ಹರಿಯುವುದು ಖಂಡಿತ. ಎಂಡ್ ವಾಪಸ್ ಹಾಕುವುದಿದ್ದರೆ ಪುಲ್ಲರ್ (ಸ್ಕ್ರೂನಿಂದ ಒತ್ತಿ ಜಾಯಿಂಟ್ ಬಿಡಿಸುವ ಸಾಧನ) ಒಂದೇ ದಾರಿ. ಬದಲಾಯಿಸುವುದಿದ್ದರೆ ನಟ್ಟನ್ನು ಎಂಡ್‌ನಿಂದ ಹೊರಬಂದ ಥ್ರೆಡ್ ಇರುವ ಮೊಳೆಯ, ಅಂದರೆ ಸ್ಟಡ್‌ನ ತುದಿಗೆ ಸಮವಾಗಿ ಬಿಟ್ಟು, ನಕಲ್‌ನ ಕಣ್ಣಿನ (ಸ್ಟಡ್ ಕೂರುವ ತೂತಿನ) ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಗಟ್ಟಿ ಏಟು. ಏಟು ಬೀಳಬೇಕಾದ್ದು ಕಣ್ಣಿಗೆ, ಸ್ಟಡ್‌ಗಲ್ಲ.

ಇನ್ನು ಟೇಪರ್, ಅಂದರೆ ಸ್ಟಡ್‌ನಲ್ಲಿ ತುದಿಯತ್ತ ಸಣ್ಣದಾಗುತ್ತಾ ಹೋಗುವ ಭಾಗ. ಚಕ್ರ ತಿರುಗಿಸುವ ಬಲವನ್ನು ಹೊರುವುದು ನಟ್ ಅಲ್ಲ, ತೂತಿನೊಳಗೆ ಕಚ್ಚಿ ಕೂತ ಈ ಇಳಿಜಾರು ಭಾಗ. ಅದಕ್ಕೇ ಎರಡೂ ಕಡೆ ಎಣ್ಣೆ, ಗ್ರೀಸ್ ಒರೆಸಿ ಒಣಗಿಸಿಯೇ ಕೂರಿಸಬೇಕು. ಗ್ರೀಸ್ ಹಚ್ಚಿದರೆ ಅದೇ ಟಾರ್ಕ್‌ಗೆ ಸ್ಟಡ್ ಇನ್ನಷ್ಟು ಆಳಕ್ಕೆ ಎಳೆದುಕೊಂಡು ಹೋಗುತ್ತದೆ, ಸ್ಟಡ್‌ನ ಥ್ರೆಡ್ ಮೇಲೆ ಎಳೆತವೂ ಮಿತಿಮೀರುತ್ತದೆ. ತೂತಿನ ಬಗ್ಗೆ ಅನುಮಾನವಿದ್ದರೆ ಸ್ಟಡ್‌ನ ಟೇಪರ್‌ಗೆ ಮಾರ್ಕರ್ ಬಳಿದು, ಒಮ್ಮೆ ಕೂರಿಸಿ ತೆಗೆದು ನೋಡುತ್ತೇನೆ. ಮಸಿ ಸುತ್ತಲೂ ಅಳಿಸಿದ್ದರೆ ಸರಿ. ಬರೀ ಒಂದು ಅಂಚಿನಲ್ಲಿ ತೆಳು ಉಂಗುರದ ಹಾಗೆ ಅಳಿಸಿದ್ದರೆ ಎಂಡ್ ಈ ಕಾರಿನದ್ದಲ್ಲ, ಇಲ್ಲವೇ ಸಡಿಲ ನಟ್‌ನಲ್ಲಿ ಓಡಿಸಿ ನಕಲ್‌ನ ತೂತು ಸವೆದಿದೆ. ಸವೆದ ನಕಲ್‌ಗೆ ಹೊಸ ಎಂಡ್ ಹಾಕಿ ಪ್ರಯೋಜನವಿಲ್ಲ.

ನಟ್ ಹಾಕುವಾಗ ಸ್ಟಡ್ ಜೊತೆಗೇ ಸುತ್ತತೊಡಗಿದರೆ, ಜಾಯಿಂಟ್‌ನ ಬೆನ್ನಿಗೆ ಒಂದು ಸಿ-ಕ್ಲ್ಯಾಂಪ್ ಒತ್ತಿ ಟೇಪರ್ ಕಚ್ಚುವವರೆಗೆ ಹಿಡಿದರೆ ಸಾಕು. ಇಂಪ್ಯಾಕ್ಟ್ ಗನ್ ಇಲ್ಲಿ ಬೇಡವೇ ಬೇಡ. ಟಾರ್ಕ್ ಮುಟ್ಟಿದ ಮೇಲೆ, ನಟ್ ಕಳಚದಂತೆ ತೂರಿಸುವ ಸ್ಪ್ಲಿಟ್ ಪಿನ್‌ನ ತೂತು ಎದುರಾಗದಿದ್ದರೆ ಮುಂದಿನ ಸೀಳಿಗೆ ಬರುವವರೆಗೆ ಬಿಗಿ ಮಾಡಬೇಕು. ಆರು ಸೀಳಿನ ನಟ್‌ನಲ್ಲಿ ಅದು ಹೆಚ್ಚೆಂದರೆ 60 ಡಿಗ್ರಿ. ಪಿನ್ ತೂರಿಸಲೆಂದು ಹಿಂದಕ್ಕೆ ತಿರುಗಿಸಿದರೆ ಪಿನ್ ನೋಡಲು ಚೆನ್ನಾಗಿರುತ್ತದೆ, ಟೇಪರ್ ಮಾತ್ರ ಸಡಿಲ. ಅದಕ್ಕೇ ಮ್ಯಾನ್ಯುಯಲ್ ಕೊಡುವ ಮಿತಿಯ ಕೆಳಗಿನ ಅಂಕಿಯಿಂದ ಶುರುಮಾಡುವುದು. ಈ ಜಾಯಿಂಟ್‌ನಲ್ಲಿ ತಿರುಚಿಕೊಳ್ಳುವ ರಬ್ಬರ್ ಬುಷ್ ಇಲ್ಲದ್ದರಿಂದ ಚಕ್ರ ತೂಗಾಡುತ್ತಿರುವಾಗಲೇ ಬಿಗಿ ಮಾಡಬಹುದು. ಸಸ್ಪೆನ್ಷನ್ ತೋಳುಗಳಾದ ವಿಶ್‌ಬೋನ್‌ಗಳ ಬೋಲ್ಟ್‌ಗಳ ಕತೆ ಬೇರೆ, ಅವಕ್ಕೆ ಕಾರು ನೆಲದ ಮೇಲೆಯೇ ಇರಬೇಕು.

ಲಾಕ್ ನಟ್ ಇದಕ್ಕೆ ತದ್ವಿರುದ್ಧ, ಟೋ (ಮೇಲಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಅಳೆದ ಮೇಲೆಯೇ ಅದರ ಸರದಿ. ಜಾಕ್ ಮೇಲಿನ ಕಾರಿನ ಟೋ ನಂಬಲಾಗದು. ಕಾರನ್ನು ಇಳಿಸಿ, ನಾಲ್ಕಾರು ಮೀಟರ್ ಹಿಂದೆ ಮುಂದೆ ಉರುಳಿಸಿ ಅಥವಾ ಚಕ್ರದಡಿ ಗ್ರೀಸ್ ಸವರಿದ ಎರಡು ಟೈಲ್ಸ್ ಇಟ್ಟು, ಸಸ್ಪೆನ್ಷನ್ ಕೂತ ಮೇಲೆ ಅಳೆಯುತ್ತೇನೆ. ರಾಡ್ ತಿರುಗಿಸುವ ಮುಂಚೆ ರ‍್ಯಾಕ್ ಬೂಟ್‌ನ ಸಣ್ಣ ಕ್ಲಿಪ್ ಸಡಿಲಿಸದಿದ್ದರೆ ಬೂಟ್ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಕ್ರಮೇಣ ಸೀಳುತ್ತದೆ.

ಎಷ್ಟು ತಿರುಗಿಸಬೇಕು? ಥ್ರೆಡ್ 14×1.5, ಅಂದರೆ ಒಂದು ಸುತ್ತಿಗೆ 1.5 ಮಿ.ಮೀ. ಸ್ಟೀರಿಂಗ್ ಆರ್ಮ್ (ನಕಲ್‌ನಲ್ಲಿ ಎಂಡ್ ಕೂರುವ ತೋಳು) 120 ಮಿ.ಮೀ. ಎಂದಿಟ್ಟುಕೊಂಡರೆ ಚಕ್ರ ಸುಮಾರು 0.7 ಡಿಗ್ರಿ ತಿರುಗುತ್ತದೆ. 185/60 ಆರ್14 ಟೈರಿನ ವ್ಯಾಸ 578 ಮಿ.ಮೀ., ಅದರ ಮುಂದಿನ ಮತ್ತು ಹಿಂದಿನ ಅಂಚುಗಳ ನಡುವೆ ಇದು 7 ಮಿ.ಮೀ. ವ್ಯತ್ಯಾಸ ಆಗುತ್ತದೆ. ಸುತ್ತಿನ ಎಂಟನೇ ಒಂದು ಭಾಗಕ್ಕೇ ಹತ್ತಿರ ಹತ್ತಿರ 1 ಮಿ.ಮೀ. ಎರಡೂ ಪಕ್ಕ ಸಮವಾಗಿ ತಿರುಗಿಸದಿದ್ದರೆ ನೇರ ಹೋಗುವಾಗ ಸ್ಟೀರಿಂಗ್ ಓರೆಯಾಗಿರುತ್ತದೆ. ಯಾವ ಕಡೆ ತಿರುಗಿಸಬೇಕು ಎನ್ನುವುದು ರ‍್ಯಾಕ್ ಎಲ್ಲಿದೆ ಎಂಬುದರ ಮೇಲಿದೆ: ಆ್ಯಕ್ಸಲ್‌ನ ಮುಂದಿದ್ದರೆ ರಾಡ್ ಉದ್ದವಾದಷ್ಟೂ ಟೋ ಹೊರಕ್ಕೆ, ಹಿಂದಿದ್ದರೆ ಒಳಕ್ಕೆ.

ಎರಡನೇ ಸ್ಪ್ಯಾನರ್ ಬೇಕಾಗುವುದು ಲಾಕ್ ನಟ್ ಬಿಗಿ ಮಾಡುವಾಗ. ನಟ್ ಬಿಗಿಯಾಗುತ್ತಾ ಎಂಡ್ ಅನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಬಾಲ್ ತನ್ನ ಮಿತಿಯ ಒಂದು ಕೊನೆಗೆ ತಾಗಿ ನಿಲ್ಲುತ್ತದೆ, ಬೂಟ್ ಒಂದು ಕಡೆ ಜಜ್ಜಿದಂತಾಗುತ್ತದೆ. ಸ್ಟೀರಿಂಗ್ ಕೊನೆವರೆಗೆ ತಿರುಗಿಸಿ ಹಳ್ಳಕ್ಕೆ ಇಳಿದರೆ ಸ್ಟಡ್ ಬಾಗುವ ಒತ್ತಡ ಅಲ್ಲಿ ಬೀಳುತ್ತದೆ. ಅದಕ್ಕೇ ಒಂದು ಸ್ಪ್ಯಾನರ್ ಎಂಡ್‌ನ ಮೈ ಮೇಲೆ, ಅದು ನಕಲ್‌ಗೆ ಸಮತಟ್ಟಾಗಿ ನಿಲ್ಲುವಂತೆ. ಇನ್ನೊಂದು ನಟ್ ಮೇಲೆ. ಮುಗಿದ ಮೇಲೆ ರಾಡ್ ಅನ್ನು ಕೈಯಲ್ಲಿ ಹಿಡಿದು ತಿರುಚಿ ನೋಡುತ್ತೇನೆ, ಎರಡೂ ಕಡೆ ಒಂದೇ ಅಳತೆಯಷ್ಟು ಅಲ್ಲಾಡಬೇಕು. ಒಂದೇ ಕಡೆ ಅಲ್ಲಾಡಿದರೆ ಬಿಚ್ಚಿ ಮತ್ತೆ.

ಇಲ್ಲಿ ಸಾಕೆಟ್ ಹೋಗದು, ಟಾರ್ಕ್ ರೆಂಚ್‌ಗೆ ಕಾಗೆಕಾಲು (ನಟ್ಟನ್ನು ಪಕ್ಕದಿಂದ ಹಿಡಿಯುವ ತೆರೆದ ಬಾಯಿಯ ತುದಿ) ಜೋಡಿಸಬೇಕು. ಅದು ರೆಂಚ್‌ಗೆ ನೇರವಾಗಿದ್ದರೆ ಅಂಕಿ ಇಳಿಸಬೇಕು: 400 ಮಿ.ಮೀ. ರೆಂಚ್, 40 ಮಿ.ಮೀ. ಕಾಗೆಕಾಲು ಆದರೆ 44 ನ್ಯೂಟನ್ ಮೀಟರ್ ಬೇಕಿದ್ದಾಗ ರೆಂಚ್‌ನಲ್ಲಿ 40 ಇಡಬೇಕು. 90 ಡಿಗ್ರಿಗೆ ಅಡ್ಡಲಾಗಿ ಹಾಕಿದರೆ ಈ ಲೆಕ್ಕದ ಗೋಜಿಲ್ಲ.

ಒಳಗಿನ ಜಾಯಿಂಟ್ ಮುಟ್ಟುವುದು ಅಪರೂಪ. ಮುಟ್ಟಿದರೆ ರ‍್ಯಾಕ್ ದಂಡವನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿಯದೆ ಎಳೆಯಬಾರದು, ಆ ತಿರುಚು ನೇರ ಪಿನಿಯನ್ ಗೇರಿನ ಹಲ್ಲಿಗೆ ಹೋಗುತ್ತದೆ. ಮಡಚುವ ವಾಷರ್ ಪ್ರತಿ ಸಲವೂ ಹೊಸದು.

ಚಕ್ರದ ನಟ್ 88ರಿಂದ 118 ನ್ಯೂಟನ್ ಮೀಟರ್. ಕೊನೆಗೆ ಲಾಕ್ ನಟ್ ಮತ್ತು ಎಂಡ್ ಎರಡಕ್ಕೂ ತಾಗುವಂತೆ ಬಣ್ಣದ ಒಂದು ಗೆರೆ ಎಳೆಯುತ್ತೇನೆ. ನೂರು ಕಿಲೋಮೀಟರ್ ಓಡಿಸಿ ನೋಡಿದಾಗ ಗೆರೆ ಕದಲಿದ್ದರೆ ಬರೀ ನಟ್ ಬಿಗಿ ಮಾಡಿ ಬಿಡುವುದಿಲ್ಲ. ಮೊದಲು ಟೋ ಅಳತೆ, ಆಮೇಲೆ ನಟ್.